ಜೆನಿ ಹೆರ್ಮೊಸೊ: ಒಂದು ಕ್ಷಣದ ಹಿಂದಿರುವ ಇಪ್ಪತ್ತು ವರ್ಷಗಳ ಆಟ

2023ರ ಆಗಸ್ಟ್ 20ರಂದು ಸಿಡ್ನಿಯಲ್ಲಿ ಸ್ಪೇನ್ ಮಹಿಳೆಯರು ಇಂಗ್ಲೆಂಡ್ ತಂಡವನ್ನು 1–0ರಿಂದ ಮಣಿಸಿ ಮೊದಲ ಬಾರಿಗೆ ಫುಟ್‌ಬಾಲ್ ವಿಶ್ವಕಪ್ ಗೆದ್ದರು. ಆದರೆ ಜಗತ್ತಿನ ಸುದ್ದಿಮನೆಗಳಲ್ಲಿ ದಿನಗಟ್ಟಲೆ ಓಡಿದ್ದು ಪದಕ ಪ್ರದಾನದ ವೇದಿಕೆಯ ದೃಶ್ಯ. ಸ್ಪೇನ್ ಫುಟ್‌ಬಾಲ್ ಒಕ್ಕೂಟದ ಅಂದಿನ ಅಧ್ಯಕ್ಷ ಲೂಯಿಸ್ ರುಬಿಯಾಲೆಸ್, ಸ್ಟ್ರೈಕರ್ ಜೆನಿ ಹೆರ್ಮೊಸೊ ಅವರ ತಲೆಯನ್ನು ಎರಡೂ ಕೈಗಳಿಂದ ಹಿಡಿದು ತುಟಿಗೆ ಮುತ್ತಿಟ್ಟರು. ಮುಂದೆ ಅಧ್ಯಕ್ಷರ ಹುದ್ದೆ ಹೋಯಿತು, 2025ರಲ್ಲಿ ನ್ಯಾಯಾಲಯದಲ್ಲಿ ಶಿಕ್ಷೆಯೂ ಆಯಿತು.

ಫುಟ್‌ಬಾಲ್ ನೋಡದ ಎಷ್ಟೋ ಜನರಿಗೆ ಹೆರ್ಮೊಸೊ ಹೆಸರು ತಿಳಿದದ್ದು ಹೀಗೆ. ಹಾಗಾಗಿ ಎರಡು ಪ್ರಶ್ನೆಗಳು ಈಗಲೂ ಕೇಳಿಬರುತ್ತವೆ. ಗೆಲುವಿನ ಸಂಭ್ರಮದ ನಡುವೆ ನಡೆದ ಒಂದು ಚುಂಬನ ಇಷ್ಟು ದೊಡ್ಡ ಸಂಗತಿಯಾದದ್ದು ಏಕೆ? ಅಷ್ಟಕ್ಕೂ ಈ ಆಟಗಾರ್ತಿ ಯಾರು? ಎರಡನೆಯ ಪ್ರಶ್ನೆಗೆ ಉತ್ತರ ಸಿಕ್ಕರೆ ಮೊದಲನೆಯದು ತಾನಾಗಿ ಅರ್ಥವಾಗುತ್ತದೆ. ಅದಕ್ಕಾಗಿ ಆಟದಿಂದಲೇ ಆರಂಭಿಸಬೇಕು.

ತಡವಾಗಿ ತೆರೆದ ಬಾಗಿಲು

ಸ್ಪೇನ್ ಎಂದರೆ ಫುಟ್‌ಬಾಲ್ ಎನ್ನುವಷ್ಟು ಆ ದೇಶಕ್ಕೆ ಈ ಆಟದ ಹುಚ್ಚು. ಆದರೆ ಅಲ್ಲಿನ ಹೆಣ್ಣುಮಕ್ಕಳಿಗೆ ಈ ಆಟ ಅಧಿಕೃತವಾಗಿ ಸಿಕ್ಕಿದ್ದು ಬಹಳ ತಡವಾಗಿ. ಸರ್ವಾಧಿಕಾರಿ ಫ್ರಾಂಕೊ ಆಳ್ವಿಕೆಯಲ್ಲಿ ಹೆಣ್ಣು ಮನೆಗೆ, ತಾಯ್ತನಕ್ಕೆ ಮೀಸಲು ಎಂಬ ಧೋರಣೆಯೇ ಸರ್ಕಾರದ ನೀತಿಯಾಗಿತ್ತು. ಫ್ರಾಂಕೊ ತೀರಿಕೊಂಡದ್ದು 1975ರಲ್ಲಿ. ಒಕ್ಕೂಟವು ಮಹಿಳಾ ಫುಟ್‌ಬಾಲ್‌ಗೆ ಮಾನ್ಯತೆ ಕೊಟ್ಟದ್ದು 1980ರಲ್ಲಿ. ರಾಷ್ಟ್ರೀಯ ತಂಡ ಮೊದಲ ಅಧಿಕೃತ ಪಂದ್ಯ ಆಡಿದ್ದು 1983ರಲ್ಲಿ.

ಹೆರ್ಮೊಸೊ ಹುಟ್ಟಿದ್ದು ಇದಾದ ಏಳು ವರ್ಷಗಳ ನಂತರ, 1990ರ ಮೇ 9ರಂದು. ಊರು ಮ್ಯಾಡ್ರಿಡ್, ಬಡಾವಣೆ ಕರಬಾಂಚೆಲ್. ದುಡಿಯುವ ಜನ ಹೆಚ್ಚಾಗಿರುವ ಪ್ರದೇಶ ಅದು. ಅವರ ಅಜ್ಜ ಒಂದು ಕಾಲದಲ್ಲಿ ಅಟ್ಲೆಟಿಕೊ ಮ್ಯಾಡ್ರಿಡ್ ತಂಡದ ಗೋಲ್‌ಕೀಪರ್ ಆಗಿದ್ದವರು. ಹಾಗಾಗಿ ಮೊಮ್ಮಗಳು ಅದೇ ಕ್ಲಬ್ಬಿನ ಎಳೆಯರ ತಂಡ ಸೇರಿದ್ದರಲ್ಲಿ ಅಚ್ಚರಿಯೇನಿಲ್ಲ. ಹದಿಹರೆಯದಲ್ಲೇ ಅಲ್ಲಿನ ಹಿರಿಯರ ತಂಡದಲ್ಲಿ ಆಡತೊಡಗಿದರು.

ಒಬ್ಬರಿಗೆ ಇಷ್ಟೊಂದು ಕ್ಲಬ್ಬುಗಳು ಏಕೆ?

ಹೆರ್ಮೊಸೊ ಅವರ ಕ್ಲಬ್ಬುಗಳ ಪಟ್ಟಿ ನೋಡಿದವರಿಗೆ ಇವರು ಒಂದೆಡೆ ನಿಲ್ಲುವವರೇ ಅಲ್ಲ ಎನಿಸಬಹುದು. ಅಟ್ಲೆಟಿಕೊದಿಂದ 2010ರಲ್ಲಿ ಮ್ಯಾಡ್ರಿಡ್‌ನದೇ ಇನ್ನೊಂದು ಕ್ಲಬ್ ರಾಯೋ ವಲ್ಲೆಕಾನೊಗೆ, ಅಲ್ಲಿಂದ 2013ರಲ್ಲಿ ಸ್ವೀಡನ್ನಿನ ಟಿರೆಸೊ ಕ್ಲಬ್ಬಿಗೆ. ಅದೇ ಋತುವಿನಲ್ಲಿ ಬಾರ್ಸಿಲೋನಾ. 2017ರಲ್ಲಿ ಪ್ಯಾರಿಸ್ ಸೇಂಟ್ ಜರ್ಮೇನ್, 2018ರಲ್ಲಿ ಮತ್ತೆ ಅಟ್ಲೆಟಿಕೊ, 2019ರಲ್ಲಿ ಮತ್ತೆ ಬಾರ್ಸಿಲೋನಾ. 2022ರಲ್ಲಿ ಮೆಕ್ಸಿಕೊದ ಪಚುಕಾ, 2024ರಲ್ಲಿ ಅದೇ ದೇಶದ ಟಿಗ್ರೆಸ್.

ಇದನ್ನು ಚಂಚಲತೆ ಎಂದು ಓದಿಕೊಂಡರೆ ತಪ್ಪಾಗುತ್ತದೆ. ಮಹಿಳಾ ಫುಟ್‌ಬಾಲ್‌ನಲ್ಲಿ ಹಣದ ಸ್ಥಿತಿ ಹೇಗಿತ್ತು ಎಂಬುದಕ್ಕೆ ಈ ಪಟ್ಟಿಯೇ ಸಾಕ್ಷಿ. ಪುರುಷರ ದೊಡ್ಡ ಕ್ಲಬ್ಬು ತನ್ನ ತಾರೆಯನ್ನು ವರ್ಷಗಟ್ಟಲೆಯ ಒಪ್ಪಂದದಲ್ಲಿ, ಕೋಟಿಗಳ ಸಂಬಳದಲ್ಲಿ ಉಳಿಸಿಕೊಳ್ಳುತ್ತದೆ. ಮಹಿಳಾ ತಂಡಗಳಿಗೆ ಟಿವಿ ಹಕ್ಕಿನ ಹಣವಿರಲಿಲ್ಲ, ಪ್ರಾಯೋಜಕರು ವಿರಳ, ಒಪ್ಪಂದಗಳೂ ಚಿಕ್ಕವು. ಎಲ್ಲಿ ಹೂಡಿಕೆ ಇದೆಯೋ ಅಲ್ಲಿಗೆ ಹೋಗುವುದು ಆಟಗಾರ್ತಿಗೆ ಅನಿವಾರ್ಯ. ಟಿರೆಸೊ ಆ ಹೊತ್ತಿಗೆ ಬ್ರೆಜಿಲ್‌ನ ಮಾರ್ತಾ ಅವರಂಥ ದಿಗ್ಗಜರನ್ನು ಸೇರಿಸಿಕೊಂಡಿದ್ದ ತಂಡ. ಹಣದ ಮುಗ್ಗಟ್ಟಿನಿಂದ ಅದು ಮರುವರ್ಷವೇ ಲೀಗ್‌ನಿಂದ ಹೊರಬಿದ್ದಿತು.

ಸ್ಪೇನ್‌ನ ಅಂಕಿಗಳು ಇದನ್ನು ಇನ್ನೂ ಸ್ಪಷ್ಟವಾಗಿ ಹೇಳುತ್ತವೆ. 2019ರ ನವೆಂಬರ್‌ನಲ್ಲಿ ಅಲ್ಲಿನ ಮೊದಲ ದರ್ಜೆಯ ಆಟಗಾರ್ತಿಯರು ಮುಷ್ಕರ ಹೂಡಿ ಒಂದು ಸುತ್ತಿನ ಎಲ್ಲ ಪಂದ್ಯಗಳನ್ನೂ ನಿಲ್ಲಿಸಿದರು. ಅದರ ಫಲವಾಗಿ 2020ರ ಫೆಬ್ರುವರಿಯಲ್ಲಿ ಮೊದಲ ಸಾಮೂಹಿಕ ವೇತನ ಒಪ್ಪಂದಕ್ಕೆ ಸಹಿ ಬಿತ್ತು. ಪೂರ್ಣಾವಧಿ ಆಟಗಾರ್ತಿಗೆ ಕನಿಷ್ಠ ವಾರ್ಷಿಕ ಸಂಬಳ 16,000 ಯೂರೊ. ಅಲ್ಲಿಯವರೆಗೆ ಇಂಥ ಕನಿಷ್ಠ ಮಿತಿಯೇ ಇರಲಿಲ್ಲ! ಮಹಿಳಾ ಲೀಗ್ ಪೂರ್ಣ ವೃತ್ತಿಪರ ಟೂರ್ನಿಯಾಗಿ ನಡೆದದ್ದು 2022–23ರ ಋತುವಿನಿಂದ. ಅಂದರೆ ಹೆರ್ಮೊಸೊ ಯುರೋಪ್ ಬಿಟ್ಟು ಮೆಕ್ಸಿಕೊಗೆ ಹೊರಟ ವರ್ಷದಲ್ಲಿ ಅವರ ತಾಯ್ನಾಡಿನ ಲೀಗ್ ವೃತ್ತಿಪರವಾಯಿತು.

ಮೆಕ್ಸಿಕೊ ಏಕೆ ಎಂದು ಕೇಳುವವರಿದ್ದಾರೆ. ಅಲ್ಲಿನ ಮಹಿಳಾ ಲೀಗ್ ಆರಂಭವಾದದ್ದು 2017ರಲ್ಲಷ್ಟೇ. ಆದರೆ ಪುರುಷರ ದೊಡ್ಡ ಕ್ಲಬ್ಬುಗಳೇ ಮಹಿಳಾ ತಂಡಗಳನ್ನು ಕಟ್ಟಿ ಹಣ ಹಾಕಿದವು, ಅಭಿಮಾನಿಗಳೂ ಕ್ರೀಡಾಂಗಣ ತುಂಬಿದರು. ವರ್ಷಕ್ಕೆ ಎರಡು ಚಾಂಪಿಯನ್‌ಷಿಪ್ ನಡೆಯುವ ಆ ಲೀಗ್‌ನಲ್ಲಿ ಮಾಂಟೆರೆ ನಗರದ ಟಿಗ್ರೆಸ್ ಬಲಾಢ್ಯ ತಂಡಗಳಲ್ಲಿ ಒಂದು.

ಮುಂದೆ ನಿಲ್ಲದ ಮುಂಚೂಣಿ ಆಟಗಾರ್ತಿ

ಸ್ಟ್ರೈಕರ್ ಎಂದರೆ ಎದುರಾಳಿಯ ಗೋಲಿಗೆ ತೀರಾ ಹತ್ತಿರ ಆಡುವವರು, ಗೋಲು ಹೊಡೆಯುವುದೇ ಮುಖ್ಯ ಕೆಲಸವಾಗಿರುವವರು. ಸಾಂಪ್ರದಾಯಿಕವಾಗಿ ಇವರ ಅಂಗಿಯ ಮೇಲೆ 9ನೇ ಸಂಖ್ಯೆ ಇರುತ್ತದೆ. ಎದುರಾಳಿಯ ಇಬ್ಬರು ನಡು ರಕ್ಷಣಾ ಆಟಗಾರರ ಮಧ್ಯೆ ನಿಂತು, ಸಹ ಆಟಗಾರರು ಕಳಿಸುವ ಚೆಂಡಿಗೆ ಕಾಲೋ ತಲೆಯೋ ಕೊಟ್ಟು ಬಲೆಗೆ ತಳ್ಳುವುದು ಹಳೆಯ ಪದ್ಧತಿ.

ಹೆರ್ಮೊಸೊ ಹಾಗೆ ಒಂದೇ ಕಡೆ ನಿಲ್ಲುವುದಿಲ್ಲ. ಅವರು ಧರಿಸುವುದೂ ಬಹುಮಟ್ಟಿಗೆ 10ನೇ ಸಂಖ್ಯೆಯನ್ನೇ. ತಂಡದ ಪಟ್ಟಿಯಲ್ಲಿ ಸ್ಟ್ರೈಕರ್ ಎಂದಿದ್ದರೂ ಚೆಂಡು ತಮ್ಮ ತಂಡದ ಕಾಲಿಗೆ ಬಂದೊಡನೆ ಗೋಲಿನಿಂದ ದೂರ ಸರಿದು ಮೈದಾನದ ಮಧ್ಯಭಾಗಕ್ಕೆ ಇಳಿಯುತ್ತಾರೆ. ಈ ಪಾತ್ರಕ್ಕೆ ಫುಟ್‌ಬಾಲ್ ವಲಯದಲ್ಲಿ ‘ಫಾಲ್ಸ್ ನೈನ್’ ಎಂಬ ಹೆಸರಿದೆ. ಗೋಲು ಹೊಡೆಯಬೇಕಾದವರು ಗೋಲಿನಿಂದ ದೂರ ಹೋದರೆ ಲಾಭವೇನು?

ಕಬಡ್ಡಿ ನೋಡಿದವರಿಗೆ ಇದು ಸುಲಭವಾಗಿ ಹೊಳೆಯುತ್ತದೆ. ಚತುರ ರೇಡರ್ ಕೆಲವೊಮ್ಮೆ ಎದುರಾಳಿಗಳ ಮೇಲೆ ನುಗ್ಗದೆ ಮಧ್ಯಗೆರೆಯ ಬಳಿಯೇ ಹೆಜ್ಜೆ ಹಾಕುತ್ತಾನೆ. ಹಿಡಿಯುವ ಆಸೆಗೆ ಬಿದ್ದ ಒಬ್ಬ ರಕ್ಷಕ ಮುಂದೆ ಬಂದನೋ, ಕೈಕೈ ಹಿಡಿದು ನಿಂತ ಸರಪಳಿ ಹರಿಯಿತು, ಹಿಂದೆ ದಾರಿ ತೆರೆಯಿತು. ಯಾರೂ ಮುಂದೆ ಬರದಿದ್ದರೆ ರೇಡರ್‌ಗೆ ನಿರಾಳ. ಹೆರ್ಮೊಸೊ ಹಿಂದೆ ಸರಿದಾಗ ಎದುರಾಳಿಯ ರಕ್ಷಣಾ ಆಟಗಾರ್ತಿ ಇದೇ ಇಕ್ಕಟ್ಟಿಗೆ ಸಿಲುಕುತ್ತಾಳೆ. ಬೆನ್ನಟ್ಟಿ ಬಂದರೆ ಅವಳು ಬಿಟ್ಟು ಬಂದ ಜಾಗಕ್ಕೆ ಮೈದಾನದ ಅಂಚಿನಲ್ಲಿ ಆಡುವ ಸ್ಪೇನ್‌ನ ವೇಗದ ‘ರೆಕ್ಕೆ’ ಆಟಗಾರ್ತಿಯರು ನುಗ್ಗುತ್ತಾರೆ. ನಿಂತಲ್ಲೇ ಉಳಿದರೆ ಹೆರ್ಮೊಸೊಗೆ ತಲೆಯೆತ್ತಿ ನೋಡಿ ಪಾಸ್ ಕೊಡಲು ಸಮಯ ಸಿಗುತ್ತದೆ. ಅವರಂಥ ಪಾಸುಗಾರ್ತಿಗೆ ಎರಡು ಕ್ಷಣ ಸಿಕ್ಕರೂ ಸಾಕು.

2023ರ ವಿಶ್ವಕಪ್ ಕ್ವಾರ್ಟರ್ ಫೈನಲ್ ಇದಕ್ಕೆ ಒಳ್ಳೆಯ ಉದಾಹರಣೆ. ನೆದರ್ಲೆಂಡ್ಸ್ ವಿರುದ್ಧದ ಪಂದ್ಯ 1–1ರಲ್ಲಿ ನಿಂತು ಹೆಚ್ಚುವರಿ ಸಮಯಕ್ಕೆ ಹೋಗಿತ್ತು. 111ನೇ ನಿಮಿಷದಲ್ಲಿ ಹೆರ್ಮೊಸೊ ಕೊಟ್ಟ ಚೆಂಡನ್ನು ಹಿಡಿದು ಎಡಬದಿಯಲ್ಲಿ ಓಡಿದ ಹತ್ತೊಂಬತ್ತರ ಹರೆಯದ ಸಲ್ಮಾ ಪರಯ್ಯುವೆಲೊ ಒಳಕ್ಕೆ ತಿರುಗಿ ಗೋಲು ಹೊಡೆದರು. ಅಂಕಪಟ್ಟಿಯಲ್ಲಿ ಉಳಿಯುವುದು ಸಲ್ಮಾ ಹೆಸರು. ದಾರಿ ತೋರಿಸಿದವರು ಹೆರ್ಮೊಸೊ.

ಹಾಗೆಂದು ಅವರು ಬರೀ ದಾರಿ ತೋರಿಸುವವರಲ್ಲ. 2019ರ ವಿಶ್ವಕಪ್‌ನಲ್ಲಿ ಅಮೆರಿಕ ತಂಡ ಗುಂಪಿನ ಮೂರು ಪಂದ್ಯಗಳಲ್ಲಿ ಒಂದೂ ಗೋಲು ಬಿಟ್ಟುಕೊಟ್ಟಿರಲಿಲ್ಲ. ಪ್ರೀ ಕ್ವಾರ್ಟರ್ ಫೈನಲ್‌ನಲ್ಲಿ ಸ್ಪೇನ್ ಎದುರಾಯಿತು. ಅಮೆರಿಕದ ಗೋಲ್‌ಕೀಪರ್ ತಮ್ಮ ರಕ್ಷಣಾ ಆಟಗಾರ್ತಿಗೆ ಹತ್ತಿರದ ಪಾಸ್ ಕೊಟ್ಟರು. ಸ್ಪೇನ್‌ನ ಲೂಸಿಯಾ ಗಾರ್ಸಿಯಾ ಮೇಲೆ ಬಿದ್ದು ಚೆಂಡು ಕಸಿದರು. ಅದು ಹೆರ್ಮೊಸೊ ಕಾಲಿಗೆ ಬಂತು. ಗೋಲ್‌ಕೀಪರ್ ಇನ್ನೂ ತಮ್ಮ ಜಾಗಕ್ಕೆ ಮರಳಿಲ್ಲ ಎಂಬುದನ್ನು ಕಂಡ ಅವರು ಬಲವಾಗಿ ಒದೆಯುವ ಬದಲು ಚೆಂಡನ್ನು ಬಾಗಿಸಿ ಎತ್ತಿ ಬಲೆಯ ಮೇಲ್ಭಾಗಕ್ಕೆ ಇಳಿಸಿದರು. ಎರಡು ಪೆನಾಲ್ಟಿ ಪಡೆದ ಅಮೆರಿಕ ಆ ಪಂದ್ಯವನ್ನು 2–1ರಿಂದ ಗೆದ್ದು ಮುಂದೆ ವಿಶ್ವಕಪ್ಪನ್ನೂ ಗೆದ್ದಿತು. ಆದರೆ ಸ್ಪೇನ್ ಎಂಬ ಹೊಸ ಶಕ್ತಿ ತಲೆ ಎತ್ತುತ್ತಿರುವುದು ಜಗತ್ತಿಗೆ ಕಂಡದ್ದು ಆ ದಿನ ಎಂದೇ ನನ್ನ ಎಣಿಕೆ.

ಬಾರ್ಸಿಲೋನಾದ ವರ್ಷಗಳು

ಸ್ಪೇನ್ ಲೀಗ್‌ನ ಒಂದು ಋತುವಿನಲ್ಲಿ ಅತಿ ಹೆಚ್ಚು ಗೋಲು ಹೊಡೆದವರಿಗೆ ಸಿಗುವ ಗೌರವಕ್ಕೆ ‘ಪಿಚಿಚಿ’ ಎನ್ನುತ್ತಾರೆ. ಹೆರ್ಮೊಸೊ ಅದನ್ನು ಐದು ಬಾರಿ ಪಡೆದಿದ್ದಾರೆ. ನಾಲ್ಕು ಬಾರಿ ಬಾರ್ಸಿಲೋನಾ ಪರ, ಒಮ್ಮೆ 2018–19ರಲ್ಲಿ ಅಟ್ಲೆಟಿಕೊ ಪರ. 2022ರಲ್ಲಿ ಬಾರ್ಸಿಲೋನಾ ಬಿಡುವಾಗ ಆ ಕ್ಲಬ್ಬಿನ ಮಹಿಳಾ ತಂಡದ ಪರ ಅತ್ಯಧಿಕ ಗೋಲು ಗಳಿಸಿದವರು ಅವರೇ ಆಗಿದ್ದರು. ಗೋಲಿನಿಂದ ಹಿಂದೆ ಸರಿದು ಆಡುವವರು ಇಷ್ಟು ಗೋಲು ಹೊಡೆಯುವುದು ಅಪರೂಪ.

ಯುರೋಪಿನ ವಿವಿಧ ದೇಶಗಳ ಲೀಗ್‌ಗಳಲ್ಲಿ ಅಗ್ರಸ್ಥಾನ ಪಡೆದ ಕ್ಲಬ್ಬುಗಳು ಸೆಣಸುವ ಟೂರ್ನಿ ಚಾಂಪಿಯನ್ಸ್ ಲೀಗ್. ಕ್ಲಬ್ ಫುಟ್‌ಬಾಲ್‌ನಲ್ಲಿ ಅದಕ್ಕಿಂತ ದೊಡ್ಡ ಪ್ರಶಸ್ತಿ ಇಲ್ಲ. 2021ರ ಮೇ 16ರಂದು ಸ್ವೀಡನ್ನಿನ ಗೊಟೆನ್‌ಬರ್ಗ್‌ನಲ್ಲಿ ಬಾರ್ಸಿಲೋನಾ ಮಹಿಳೆಯರು ಲಂಡನ್ನಿನ ಚೆಲ್ಸಿ ತಂಡವನ್ನು 4–0ರಿಂದ ಸೋಲಿಸಿ ಮೊದಲ ಬಾರಿ ಅದನ್ನು ಗೆದ್ದರು. ನಾಲ್ಕೂ ಗೋಲು ಬಿದ್ದದ್ದು ಮೊದಲ 36 ನಿಮಿಷಗಳಲ್ಲಿ. ಎರಡನೆಯ ಗೋಲಿಗೆ ಕಾರಣವಾದ ಪೆನಾಲ್ಟಿಯನ್ನು ತಂಡಕ್ಕೆ ದೊರಕಿಸಿಕೊಟ್ಟವರು ಹೆರ್ಮೊಸೊ, ಗೋಲಾಗಿಸಿದವರು ಅಲೆಕ್ಸಿಯಾ ಪುಟೆಯಾಸ್. ಆ ವರ್ಷದ ಬ್ಯಾಲನ್ ಡಿ’ಓರ್, ಅಂದರೆ ಜಗತ್ತಿನ ಶ್ರೇಷ್ಠ ಫುಟ್‌ಬಾಲ್ ಪಟುವಿಗೆ ಕೊಡುವ ಚಿನ್ನದ ಚೆಂಡು, ಪುಟೆಯಾಸ್ ಪಾಲಾಯಿತು. ಎರಡನೆಯ ಸ್ಥಾನ ಹೆರ್ಮೊಸೊ ಅವರದು.

ಮರುವರ್ಷದ ಏಪ್ರಿಲ್ 22ರಂದು ಕ್ಯಾಂಪ್ ನೌ ಕ್ರೀಡಾಂಗಣದಲ್ಲಿ ಜರ್ಮನಿಯ ವೂಲ್ಫ್ಸ್‌ಬರ್ಗ್ ವಿರುದ್ಧದ ಸೆಮಿಫೈನಲ್‌ಗೆ 91,648 ಜನ ಬಂದರು. 5–1ರ ಆ ಗೆಲುವಿನಲ್ಲಿ ಮೂರನೆಯ ಗೋಲು ಹೆರ್ಮೊಸೊ ಅವರದು. ಮಹಿಳೆಯರ ಪಂದ್ಯಕ್ಕೆ ಜನ ಬರುವುದಿಲ್ಲ ಎಂಬ ವಾದಕ್ಕೆ ಆ ಸಂಜೆಯೇ ಉತ್ತರ.

ರಾಷ್ಟ್ರೀಯ ತಂಡದ ಹಳೆಯ ಗಾಯ

ಸಿಡ್ನಿಯ ಘಟನೆ ಅರ್ಥವಾಗಬೇಕಾದರೆ ಈ ಭಾಗವನ್ನು ತಿಳಿಯಲೇಬೇಕು. ಹೆರ್ಮೊಸೊ 2012ರಲ್ಲಿ ರಾಷ್ಟ್ರೀಯ ತಂಡ ಸೇರಿದಾಗ ಕೋಚ್ ಇಗ್ನಾಸಿಯೊ ಕೆರೆದಾ. 1988ರಿಂದಲೂ ಅದೇ ಹುದ್ದೆಯಲ್ಲಿದ್ದವರು. ಸ್ಪೇನ್ ಮಹಿಳೆಯರು ಮೊದಲ ಬಾರಿ ವಿಶ್ವಕಪ್ ಆಡಿದ್ದು 2015ರಲ್ಲಿ, ಕೆನಡಾದಲ್ಲಿ. ಒಂದೂ ಪಂದ್ಯ ಗೆಲ್ಲದೆ ಗುಂಪಿನ ಕೊನೆಯ ಸ್ಥಾನದೊಂದಿಗೆ ಮರಳಿದರು. ತಯಾರಿ ಸಾಲದು, ಎದುರಾಳಿಗಳ ಅಧ್ಯಯನವಿಲ್ಲ, ಕೋಚ್ ಬದಲಾಗಬೇಕು ಎಂದು ಆಟಗಾರ್ತಿಯರು ಒಟ್ಟಾಗಿ ಹೇಳಿಕೆ ಕೊಟ್ಟರು. ಕೆರೆದಾ ನಿರ್ಗಮಿಸಿದರು. 27 ವರ್ಷಗಳ ಅವಧಿ ಮುಗಿದದ್ದು ಹೀಗೆ.

ಬಂದವರು ಹೋರ್ಹೆ ವಿಲ್ಡಾ. 2022ರ ಸೆಪ್ಟೆಂಬರ್‌ನಲ್ಲಿ ಹದಿನೈದು ಆಟಗಾರ್ತಿಯರು ಒಕ್ಕೂಟಕ್ಕೆ ಪ್ರತ್ಯೇಕವಾಗಿ ಇಮೇಲ್ ಕಳಿಸಿದರು. ತಂಡದ ವಾತಾವರಣ ತಮ್ಮ ಮಾನಸಿಕ ಸ್ಥಿತಿ ಮತ್ತು ಆರೋಗ್ಯದ ಮೇಲೆ ಪರಿಣಾಮ ಬೀರುತ್ತಿದೆ, ಸರಿಪಡಿಸುವವರೆಗೆ ಆಯ್ಕೆಗೆ ಪರಿಗಣಿಸಬೇಡಿ ಎಂಬುದು ಅದರ ಸಾರ. ಹೆರ್ಮೊಸೊ ಆ ಹದಿನೈದರಲ್ಲಿ ಇರಲಿಲ್ಲ, ಆದರೆ ಅವರ ಬೆಂಬಲಕ್ಕಿದ್ದರು. ಒಕ್ಕೂಟ ನಿಂತದ್ದು ಕೋಚ್ ಬೆನ್ನಿಗೆ. ವಿಶ್ವಕಪ್ ತಂಡಕ್ಕೆ ಆ ಹದಿನೈದರಲ್ಲಿ ಮರಳಿದವರು ಮೂವರೇ: ಐತಾನಾ ಬೊನ್ಮಾಟಿ, ಮರಿಯೊನಾ ಕಾಲ್ದೆಂತೆ, ಓನಾ ಬಾಟ್ಯೆ.

ಆಡಳಿತದೊಂದಿಗೆ ಜಗಳವಿದ್ದರೂ ಪ್ರತಿಭೆಯ ಹೊಳೆ ಬತ್ತಿರಲಿಲ್ಲ. 2022ರ ಅಕ್ಟೋಬರ್‌ನಲ್ಲಿ ನಮ್ಮ ನವಿ ಮುಂಬೈಯಲ್ಲಿ ನಡೆದ 17 ವರ್ಷದೊಳಗಿನವರ ವಿಶ್ವಕಪ್ ಫೈನಲ್ ಗೆದ್ದವರು ಸ್ಪೇನ್ ಬಾಲಕಿಯರು. ಆ ಟೂರ್ನಿಯ ಶ್ರೇಷ್ಠ ಆಟಗಾರ್ತಿ ವಿಕಿ ಲೋಪೆಸ್ ಮುಂದೆ ಹಿರಿಯರ ತಂಡಕ್ಕೂ ಬಂದರು. ಅದೇ ವರ್ಷ 20 ವರ್ಷದೊಳಗಿನವರ ವಿಶ್ವಕಪ್ಪೂ ಸ್ಪೇನ್‌ಗೆ ಸಿಕ್ಕಿತ್ತು. ಸಿಡ್ನಿಯ ಗೆಲುವಿನೊಂದಿಗೆ ಮೂರೂ ಹಂತದ ಕಿರೀಟ ಒಂದೇ ದೇಶದಲ್ಲಿದ್ದವು.

2023ರ ಆ ವಿಶ್ವಕಪ್‌ನಲ್ಲಿ ಹೆರ್ಮೊಸೊ ಮೂರು ಗೋಲು ಹೊಡೆದರು. ಅದರಲ್ಲಿ ಎರಡು ಬಂದದ್ದು ಜಾಂಬಿಯಾ ವಿರುದ್ಧ, ದೇಶದ ಪರ ತಮ್ಮ 100ನೇ ಪಂದ್ಯದಲ್ಲಿ. ಫೈನಲ್‌ನಲ್ಲಿ ಅವರ ಪೆನಾಲ್ಟಿಯನ್ನು ಇಂಗ್ಲೆಂಡ್‌ನ ಮೇರಿ ಅರ್ಪ್ಸ್ ತಡೆದರು. ಆದರೂ 29ನೇ ನಿಮಿಷದಲ್ಲಿ ಓಲ್ಗಾ ಕಾರ್ಮೋನಾ ಹೊಡೆದಿದ್ದ ಗೋಲು ಸಾಕಾಯಿತು. ಟೂರ್ನಿಯ ಎರಡನೇ ಶ್ರೇಷ್ಠ ಆಟಗಾರ್ತಿಗೆ ಕೊಡುವ ಬೆಳ್ಳಿ ಚೆಂಡು ಹೆರ್ಮೊಸೊ ಅವರಿಗೆ ಸಂದಿತು.

ಚುಂಬನ ಅಪರಾಧವಾದದ್ದು ಹೇಗೆ?

ಘಟನೆಯ ಬೆನ್ನಲ್ಲೇ ಡ್ರೆಸ್ಸಿಂಗ್ ರೂಮಿನ ನೇರ ಪ್ರಸಾರದಲ್ಲಿ ಹೆರ್ಮೊಸೊ ತಮಗೆ ಅದು ಹಿಡಿಸಲಿಲ್ಲ ಎಂದಿದ್ದರು. ಇದು ಪರಸ್ಪರ ಒಪ್ಪಿಗೆಯಿಂದ ನಡೆದದ್ದು ಎಂದು ರುಬಿಯಾಲೆಸ್ ವಾದಿಸಿದರು. ಆಗಸ್ಟ್ 25ರಂದು ಒಕ್ಕೂಟದ ಸಭೆಯಲ್ಲಿ ರಾಜೀನಾಮೆ ಕೊಡುವುದಿಲ್ಲ ಎಂದು ಮತ್ತೆ ಮತ್ತೆ ಘೋಷಿಸಿದರು. ಅಂದೇ ಹೆರ್ಮೊಸೊ, ತಾವು ಒಪ್ಪಿಗೆ ಕೊಟ್ಟಿರಲಿಲ್ಲ ಎಂದು ಲಿಖಿತ ಹೇಳಿಕೆ ಕೊಟ್ಟರು. ಆಡಳಿತ ಬದಲಾಗುವವರೆಗೆ ದೇಶದ ಪರ ಆಡುವುದಿಲ್ಲ ಎಂದು 81 ಆಟಗಾರ್ತಿಯರು ಸಹಿ ಹಾಕಿದರು. ಮರುದಿನ ಜಾಗತಿಕ ಫುಟ್‌ಬಾಲ್ ಆಡಳಿತ ಸಂಸ್ಥೆ ಫಿಫಾ, ರುಬಿಯಾಲೆಸ್ ಅವರನ್ನು ತಾತ್ಕಾಲಿಕವಾಗಿ ಅಮಾನತು ಮಾಡಿತು. ವಿಲ್ಡಾ ವಜಾಗೊಂಡರು. ಸೆಪ್ಟೆಂಬರ್ 10ರಂದು ರುಬಿಯಾಲೆಸ್ ರಾಜೀನಾಮೆ ಕೊಟ್ಟರು. ಮುಂದೆ ಫಿಫಾ ಅವರಿಗೆ ಮೂರು ವರ್ಷ ನಿಷೇಧ ವಿಧಿಸಿತು.

ಇನ್ನು ಕಾನೂನು. ಸ್ಪೇನ್‌ನ ಹಳೆಯ ದಂಡಸಂಹಿತೆಯಲ್ಲಿ ಲೈಂಗಿಕ ಅಪರಾಧಗಳು ಎರಡು ಬಗೆ. ಬಲಪ್ರಯೋಗ ಅಥವಾ ಬೆದರಿಕೆ ಇದ್ದರೆ ‘ಆಕ್ರಮಣ’, ಇಲ್ಲದಿದ್ದರೆ ‘ದುರ್ವರ್ತನೆ’. 2016ರಲ್ಲಿ ಪಾಂಪ್ಲೋನಾದಲ್ಲಿ ನಡೆದ ಸಾಮೂಹಿಕ ಅತ್ಯಾಚಾರದ ಪ್ರಕರಣದಲ್ಲಿ ಈ ವಿಂಗಡಣೆಯಿಂದ ಆರೋಪಿಗಳಿಗೆ ಮೊದಲು ಕಡಿಮೆ ಶಿಕ್ಷೆಯಾದಾಗ ದೇಶವೇ ಬೀದಿಗಿಳಿಯಿತು. 2022ರಲ್ಲಿ ಬಂದ ಹೊಸ ಕಾನೂನು ಆ ಭೇದವನ್ನು ತೆಗೆದುಹಾಕಿತು. ಈಗ ಮೊದಲ ಪ್ರಶ್ನೆ ಒಂದೇ: ಒಪ್ಪಿಗೆ ಇತ್ತೇ? ಇಲ್ಲದಿದ್ದರೆ ಅದು ಆಕ್ರಮಣ. ಕೃತ್ಯ ಎಷ್ಟು ಗಂಭೀರ ಎಂಬುದರ ಮೇಲೆ ಶಿಕ್ಷೆಯ ಪ್ರಮಾಣ ನಿರ್ಧಾರವಾಗುತ್ತದೆ.

ವಿಚಾರಣೆ ನಡೆದದ್ದು ರಾಷ್ಟ್ರೀಯ ನ್ಯಾಯಾಲಯದಲ್ಲಿ. ಘಟನೆ ಆಸ್ಟ್ರೇಲಿಯಾದಲ್ಲಿ ಸಂಭವಿಸಿತ್ತು, ವಿದೇಶದಲ್ಲಿ ನಡೆದ ಇಂಥ ಪ್ರಕರಣಗಳನ್ನು ವಿಚಾರಿಸುವ ಅಧಿಕಾರ ಈ ನ್ಯಾಯಾಲಯದ್ದು. 2025ರ ಫೆಬ್ರುವರಿ 20ರಂದು ತೀರ್ಪು ಬಂತು. ಒಪ್ಪಿಗೆ ಇರಲಿಲ್ಲ ಎಂಬ ಹೆರ್ಮೊಸೊ ಮಾತನ್ನು ನ್ಯಾಯಾಧೀಶರು ನಂಬಿದರು. ಲೈಂಗಿಕ ಆಕ್ರಮಣ ಸಾಬೀತಾಯಿತು. ಕೃತ್ಯ ಆ ವರ್ಗದಲ್ಲಿ ಕಡಿಮೆ ತೀವ್ರತೆಯದು ಎಂದು ಪರಿಗಣಿಸಿ ಜೈಲಿನ ಬದಲು ದಂಡ ವಿಧಿಸಿದರು. ದಂಡ 10,800 ಯೂರೊ. ಈ ಮೊತ್ತ ಎಲ್ಲಿಂದ ಬಂತು? ಸ್ಪೇನ್‌ನಲ್ಲಿ ದಂಡವನ್ನು ದಿನಗಳ ಲೆಕ್ಕದಲ್ಲಿ ಹಾಕುತ್ತಾರೆ. ಅಪರಾಧದ ಗಾತ್ರಕ್ಕೆ ತಕ್ಕಂತೆ ದಿನಗಳ ಸಂಖ್ಯೆ, ಅಪರಾಧಿಯ ಆರ್ಥಿಕ ಸ್ಥಿತಿಗೆ ತಕ್ಕಂತೆ ದಿನದ ಮೊತ್ತ. ಇಲ್ಲಿ 18 ತಿಂಗಳು, ಅಂದರೆ 540 ದಿನ, ದಿನಕ್ಕೆ 20 ಯೂರೊ. ಜೊತೆಗೆ ಹೆರ್ಮೊಸೊ ಅವರಿಗೆ 3,000 ಯೂರೊ ಪರಿಹಾರ, ಒಂದು ವರ್ಷ ಅವರ 200 ಮೀಟರ್ ಸಮೀಪಕ್ಕೆ ಹೋಗಬಾರದೆಂಬ ಆದೇಶ.

ಚುಂಬನಕ್ಕೆ ಒಪ್ಪಿಗೆ ಇತ್ತು ಎಂದು ಹೇಳುವಂತೆ ಆಟಗಾರ್ತಿಯ ಮೇಲೆ ಒತ್ತಡ ಹಾಕಿದರೆಂಬ ಇನ್ನೊಂದು ಆರೋಪದಿಂದ ರುಬಿಯಾಲೆಸ್, ವಿಲ್ಡಾ ಮತ್ತು ಇನ್ನಿಬ್ಬರು ಅಧಿಕಾರಿಗಳು ಖುಲಾಸೆಯಾದರು. 2025ರ ಜೂನ್‌ನಲ್ಲಿ ಮೇಲ್ಮನವಿಯ ಹಂತದಲ್ಲೂ ಮೊದಲ ತೀರ್ಪು ಉಳಿಯಿತು.

ನಂತರದ ಆಟ

ವಿಲ್ಡಾ ಜಾಗಕ್ಕೆ ಬಂದ ಮೋನ್ಸೆ ತೋಮೆ ತಮ್ಮ ಮೊದಲ ತಂಡದಲ್ಲಿ ಹೆರ್ಮೊಸೊ ಹೆಸರು ಸೇರಿಸಲಿಲ್ಲ. ಅವರನ್ನು ರಕ್ಷಿಸಲು ಹೀಗೆ ಮಾಡಿದೆವು ಎಂಬುದು ಕೊಟ್ಟ ಕಾರಣ. ಯಾವುದರಿಂದ ರಕ್ಷಣೆ, ಯಾರಿಂದ ರಕ್ಷಣೆ ಎಂದು ಹೆರ್ಮೊಸೊ ಬಹಿರಂಗವಾಗಿಯೇ ಕೇಳಿದರು. ದೂರು ಕೊಟ್ಟವರನ್ನೇ ಹೊರಗಿಡುವುದು ರಕ್ಷಣೆಯಾಗಲಾರದು ಎಂಬುದನ್ನು ಅಷ್ಟು ನೇರವಾಗಿ ಹೇಳಲು ಧೈರ್ಯ ಬೇಕಿತ್ತು. ಮುಂದಿನ ಆಯ್ಕೆಯಲ್ಲಿ ಕರೆ ಬಂತು. ಅಕ್ಟೋಬರ್ 27ರಂದು ಇಟಲಿಯ ಸಲೆರ್ನೊದಲ್ಲಿ ಬದಲಿ ಆಟಗಾರ್ತಿಯಾಗಿ ಇಳಿದ ಅವರು 89ನೇ ನಿಮಿಷದಲ್ಲಿ ಪಂದ್ಯದ ಏಕೈಕ ಗೋಲು ಹೊಡೆದರು.

2024ರ ಫೆಬ್ರುವರಿಯಲ್ಲಿ ಯುರೋಪಿನ ರಾಷ್ಟ್ರೀಯ ತಂಡಗಳ ನೇಷನ್ಸ್ ಲೀಗ್ ಸ್ಪೇನ್ ಪಾಲಾಯಿತು. ನೆದರ್ಲೆಂಡ್ಸ್ ವಿರುದ್ಧದ ಸೆಮಿಫೈನಲ್‌ನಲ್ಲಿ ಹೆರ್ಮೊಸೊ ಒಂದು ಗೋಲು ಗಳಿಸಿದ್ದರು. ಪ್ಯಾರಿಸ್ ಒಲಿಂಪಿಕ್ಸ್ ಕ್ವಾರ್ಟರ್ ಫೈನಲ್‌ನಲ್ಲಿ ಕೊಲಂಬಿಯಾ ಎದುರು 0–2ರಿಂದ ಹಿಂದಿದ್ದಾಗ ಸ್ಪೇನ್‌ನ ಮೊದಲ ಗೋಲು ಅವರ ಕಾಲಿನಿಂದಲೇ ಬಂತು. ತಂಡ ಅಲ್ಲಿ ಶೂಟೌಟ್ ಗೆದ್ದರೂ ಕೊನೆಗೆ ನಾಲ್ಕನೇ ಸ್ಥಾನಕ್ಕೆ ಇಳಿಯಿತು.

ಆಮೇಲೆ ತೋಮೆ, ಹೆರ್ಮೊಸೊ ಅವರನ್ನು ಸುಮಾರು ಒಂದು ವರ್ಷ ತಂಡಕ್ಕೆ ಕರೆಯಲಿಲ್ಲ. 2025ರ ಯುರೋ ಕಪ್ ಅವರಿಲ್ಲದೆಯೇ ನಡೆಯಿತು. ಆ ಬೇಸಿಗೆಯ ಕೊನೆಗೆ ಕೋಚ್ ಬದಲಾಗಿ ಸೋನಿಯಾ ಬೆರ್ಮುದೆಸ್ ಬಂದರು. ಅಕ್ಟೋಬರ್‌ನಲ್ಲಿ, 35ರ ಹರೆಯದಲ್ಲಿ, ಹೆರ್ಮೊಸೊ ಹೆಸರು ಮತ್ತೆ ಪಟ್ಟಿಯಲ್ಲಿ ಕಾಣಿಸಿತು. ಸ್ಪೇನ್ ಮಹಿಳಾ ತಂಡದ ಪರ ಅತಿ ಹೆಚ್ಚು ಗೋಲು, ಐವತ್ತಕ್ಕೂ ಮಿಕ್ಕಿ, ಗಳಿಸಿದ ಆಟಗಾರ್ತಿಯ ಆಟವನ್ನು ಬೆರ್ಮುದೆಸ್ ಹತ್ತಿರದಿಂದ ಬಲ್ಲವರು. ಸ್ವತಃ ಸ್ಟ್ರೈಕರ್ ಆಗಿದ್ದ ಅವರು 2011ರಲ್ಲಿ ರಾಯೋ ವಲ್ಲೆಕಾನೊ ಲೀಗ್ ಗೆದ್ದಾಗ ಹೆರ್ಮೊಸೊ ಜೊತೆ ಅದೇ ತಂಡದಲ್ಲಿ ಆಡಿದ್ದರು.